ಯಾರ ಮಗಳು, ಯಾರಿಗೆ ಕೊಟ್ಟದ್ದು

ಆರತಿಗೆ ಕೆಂಪು ನೀರು ಕದಡುವುದನ್ನು ನೀವೂ ನೋಡಿರುತ್ತೀರಿ. ತಟ್ಟೆಯ ನೀರಿಗೆ ಅರಿಶಿನ ಹಾಕಿದರೆ ನೀರು ಹಳದಿಯಾಗುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಎಲೆಯಡಿಕೆ ಡಬ್ಬಿಯಿಂದ ಬೆರಳ ತುದಿಯಲ್ಲಿ ಇಷ್ಟು ಸುಣ್ಣ ತೆಗೆದು ಅದರಲ್ಲಿ ಅದ್ದಿದ ಕ್ಷಣವೇ ಇಡೀ ತಟ್ಟೆ ಕೆಂಪೇರಿ ನಿಲ್ಲುತ್ತದಲ್ಲ, ಅದು ಮಾತ್ರ ನನಗೆ ನಲವತ್ತೆಂಟರ ಈ ವಯಸ್ಸಿನಲ್ಲೂ ಹಳತಾಗಿಲ್ಲ. ಅರಿಶಿನವನ್ನು ಎಷ್ಟು ಅರೆದರೂ ಆ ಕೆಂಪು ಸಿಗದು, ಸುಣ್ಣವನ್ನು ಎಷ್ಟು ಕಲಸಿದರೂ ಕಾಣದು. ಎರಡೂ ಒಂದನ್ನೊಂದು ಮುಟ್ಟಿದಾಗ ಮಾತ್ರ ಎಲ್ಲಿಂದಲೋ ಬಂದು ಕೂರುತ್ತದೆ. ಮಧುಗಿರಿಯ ನಮ್ಮ ಮನೆಗೆ ಬಾಣಂತಿ ಬರಲಿ, ಹೊಸ ಮದುಮಗಳು ಬರಲಿ, ಆರತಿ ತಟ್ಟೆ ಸಿದ್ಧಮಾಡುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇಷ್ಟೆಲ್ಲ ಓದಿದವಳು ಹೀಗೆ ನೀರು ಕದಡುತ್ತ ಕೂತಿದ್ದಾಳಲ್ಲ ಎಂದು ಅಮ್ಮ ಗೊಣಗುತ್ತಾರೆ. ನಾನು ಓದಿದ್ದೂ ಇದನ್ನೇ ಎಂದು ಅವರಿಗೆ ಹೇಳಿ ಹೇಳಿ ನನಗೂ ಸಾಕಾಗಿದೆ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಹೊಟ್ಟೆಪಾಡು. ಅದರಾಚೆಗೆ, ಇಬ್ಬರು ಗೆಳತಿಯರ ಜೊತೆ ಸೇರಿ ಏಳು ವರ್ಷಗಳಿಂದ ಒಂದು ತಂತ್ರಾಂಶವನ್ನು ಕಟ್ಟುತ್ತ ಬಂದಿದ್ದೇನೆ; ಅದಕ್ಕೆ ನಾವಿಟ್ಟ ಹೆಸರು ಜೋಡಿನೋಟ. ಸಕ್ಕರೆ ಕಾಯಿಲೆಯಂಥವು ಒಂದೇ ಒಂದು ಜೀನಿನ ತಪ್ಪಿನಿಂದ ಬರುವುದಿಲ್ಲ. ಬಿಡಿಬಿಡಿಯಾಗಿ ವಿಚಾರಿಸಿದರೆ ಪ್ರತಿಯೊಂದು ಜೀನೂ ನಿರಪರಾಧಿಯೇ. ಇದರ ಪಕ್ಕದಲ್ಲಿ ಅದು ಬಂದು ಕೂತಾಗ, ಅರಿಶಿನಕ್ಕೆ ಸುಣ್ಣ ತಾಗಿದ ಹಾಗೆ, ಇಬ್ಬರಲ್ಲಿ ಯಾರಿಗೂ ಇಲ್ಲದ ಗುಣವೊಂದು ಹುಟ್ಟುತ್ತದೆ. ಹಾಗಾಗಿ ಕಾಯಿಲೆ ಇರುವ ಸಾವಿರಾರು ಜನರ, ಇಲ್ಲದ ಸಾವಿರಾರು ಜನರ ರಕ್ತವನ್ನು ಮುಂದಿಟ್ಟುಕೊಂಡು, ಜೀನುಗಳನ್ನು ಎರಡೆರಡಾಗಿ ಕೂಡಿಸಿ, ಈ ಜೋಡಿ ಕಾಯಿಲೆಯವರಲ್ಲೇ ಹೆಚ್ಚಾಗಿ ಒಟ್ಟಿಗಿದೆಯೇ ಎಂದು ಕೇಳಬೇಕು. ನೂರು ಜನರ ಸಭೆಯಲ್ಲಿ ಎಲ್ಲರೂ ಎಲ್ಲರ ಕೈ ಕುಲುಕಿದರೆ ಸುಮಾರು ಐದು ಸಾವಿರ ಸಲ ಕೈ ಕುಲುಕಿದಂತಾಗುತ್ತದೆ. ನಮ್ಮ ಸಭೆಯಲ್ಲಿ ಕೂತಿರುವುದು ಜೀನುಗಳ ಲಕ್ಷಗಟ್ಟಲೆ ರೂಪಭೇದಗಳು, ಹಾಗಾಗಿ ಜೋಡಿಗಳ ಸಂಖ್ಯೆ ಸಾವಿರಾರು ಕೋಟಿ ದಾಟುತ್ತದೆ. ಇಷ್ಟೊಂದು ಜಾತಕ ಕೂಡಿಸುವವಳು ತುಮಕೂರು ಜಿಲ್ಲೆಯಲ್ಲೇ ಇನ್ನೊಬ್ಬಳಿಲ್ಲ ಎಂದು ನನ್ನ ಯಜಮಾನರು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಜಾತಕ ಕೂಡಿಸುವುದು ಮನೆಯಲ್ಲಿ ಕೂತು ಮಾಡುವ ಕೆಲಸ. ಆ ಜಾತಕಗಳನ್ನು ಊರೂರು ಸುತ್ತಿ ತರುವವರು ಬೇರೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ಆ ಕೆಲಸ ಮಾಡಿದವರು ಬಲಸಮುದ್ರದ ಹನುಮಕ್ಕ. ವಯಸ್ಸು ಐವತ್ತೈದು ದಾಟಿದೆ, ಮಾತು ಕಡಿಮೆ, ನಡಿಗೆ ಜೋರು. ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದು ರಕ್ತ ತೆಗೆಯುವುದನ್ನು ಕಲಿತವರು. ಮಂಜುಗಡ್ಡೆ ತುಂಬಿದ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಒಂದು ದಿನ ತಾವರೆಕೆರೆ, ಒಂದು ದಿನ ಹೊಳವನಹಳ್ಳಿ. ಮೈಯಿಂದ ರಕ್ತ ತೆಗೆಸಿಕೊಳ್ಳಲು ಯಾರಿಗೆ ತಾನೇ ಇಷ್ಟ? ಹನುಮಕ್ಕನ ದಾರಿ ಒಂದೇ: ರಕ್ತ ಕೊಟ್ಟ ಅಕ್ಕನನ್ನು ಕೇಳಿ ಅವಳ ತಂಗಿಯನ್ನು ಕೊಟ್ಟ ಊರಿಗೆ ಹೋಗುವುದು, ಆ ತಂಗಿಯನ್ನು ಕೇಳಿ ಅವಳ ನಾದಿನಿಯ ಊರಿಗೆ ಹೋಗುವುದು. ನಿಮ್ಮಕ್ಕ ಕೊಟ್ಟಿದ್ದಾಳೆ, ನೆಟ್ಟಗೆ ಇದ್ದಾಳೆ ಎಂದರೆ ಎಂಥವರ ತೋಳೂ ಮುಂದೆ ಬರುತ್ತದೆ. ಗಡಿಯ ಕಡೆಯ ಒಬ್ಬ ಮುದುಕಿ ತೆಲುಗಿನಲ್ಲಿ ಅಳುತ್ತ ಕೂತಾಗ, ಇವರು "ಏಮೀ ಕಾದು" ಎಂದು ಧೈರ್ಯ ಹೇಳಿ ಮೊದಲು ತಮ್ಮ ತೋಳಿಗೇ ಸೂಜಿ ಚುಚ್ಚಿಕೊಂಡು ತೋರಿಸಿದರಂತೆ.

ಒಂದು ಮನೆಯಿಂದ ಒಬ್ಬರು ಮಾತ್ರ ಎಂಬುದು, ನಮ್ಮ ತಂತ್ರಾಂಶವನ್ನು ಬಳಸುತ್ತಿದ್ದ ಸಕ್ಕರೆ ಕಾಯಿಲೆಯ ಅಧ್ಯಯನದ ನಿಯಮ. ಒಂದೇ ಕುಟುಂಬದ ರಕ್ತ ಮತ್ತೆ ಮತ್ತೆ ಬರಬಾರದೆಂದು ನಗರದಲ್ಲಿ ಕೂತು ಅದನ್ನು ನಡೆಸುತ್ತಿದ್ದ ದೊಡ್ಡ ಡಾಕ್ಟರು ಮಾಡಿದ್ದು. ಹನುಮಕ್ಕ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದರು. ಈ ಮನೆಯಿಂದ ಬೇರೆ ಯಾರಾದರೂ ರಕ್ತ ಕೊಟ್ಟಿದ್ದಾರೆಯೇ ಎಂಬ ಕಾಲಮ್ಮಿನಲ್ಲಿ ಇಲ್ಲ ಎಂದು ಬರೆದರು. ಅದು ನಿಜವೂ ಆಗಿತ್ತು. ನಮ್ಮ ಕಡೆ ಮದುವೆ ಮಾಡಿ ಕೊಟ್ಟ ಮಗಳು ಆ ಕ್ಷಣದಿಂದ ಇನ್ನೊಂದು ಮನೆಯ ಲೆಕ್ಕ. ಒಲೆ ಬೇರೆ ಆದ ಮೇಲೆ ಮನೆಯೂ ಬೇರೆ.

ಮೊದಲ ಫಲಿತಾಂಶ ಬಂದ ದಿನವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಜೋಡಿನೋಟ ಒಂದಲ್ಲ, ಎರಡಲ್ಲ, ನೂರಾರು ಜೀನ್ ಜೋಡಿಗಳನ್ನು ಎತ್ತಿ ತೋರಿಸಿತ್ತು. ಏಳು ವರ್ಷದ ತಪಸ್ಸು ಫಲಿಸಿತೆಂದು ನಾನು ಅಧ್ಯಾಪಕರ ಕೊಠಡಿಯಲ್ಲಿ ಮೈಸೂರು ಪಾಕು ಹಂಚಿದೆ. ಇಷ್ಟೊಂದು ಸುಲಭವಾಗಿ ಸಿಕ್ಕಿದ್ದು ಸರಿಯಿರಲಾರದು ಎಂದು ಅನ್ನಿಸಲು ಎರಡು ದಿನ ಬೇಕಾಯಿತು. ತಂತ್ರಾಂಶದ ಇನ್ನೊಂದು ಮೂಲೆಯಲ್ಲಿ, ಬಂದ ರಕ್ತ ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಒಂದು ಭಾಗವನ್ನು ನಾನೇ ಬರೆದಿಟ್ಟಿದ್ದೆ. ಅದು ನಲವತ್ತೊಂದು ಸಾಲುಗಳನ್ನು ಹೊರಗೆ ಹಾಕಿತ್ತು. ಒಂದೊಂದು ಸಾಲಿನಲ್ಲೂ ಇಬ್ಬಿಬ್ಬರು. ಪರಸ್ಪರ ಸಂಬಂಧವೇ ಇಲ್ಲದ ಇಬ್ಬರ ರಕ್ತ ಇರಬಾರದಷ್ಟು ಒಂದೇ ಥರ ಇತ್ತು. ಅಷ್ಟೂ ಹನುಮಕ್ಕ ತಂದ ನಳಿಕೆಗಳು. ಪ್ರತಿ ಸಾಲಿನ ಮುಂದೂ ತಂತ್ರಾಂಶ ಶಂಕಿತ ಎಂದು ಬರೆದಿತ್ತು. ಆ ಪದವನ್ನು ಆರಿಸಿದವಳೂ ನಾನೇ, ಎಷ್ಟು ಚೊಕ್ಕ ಕನ್ನಡ ಎಂದು ಹೆಮ್ಮೆಪಟ್ಟವಳೂ ನಾನೇ.

ಆ ಸಾಲುಗಳನ್ನಿಟ್ಟುಕೊಂಡು ನಡೆದ ಅಧ್ಯಯನದ ಸಭೆಯಲ್ಲಿ ದೊಡ್ಡ ಡಾಕ್ಟರ ಮಾತು ಚುಟುಕು. ನಮೂನೆಯಲ್ಲಿ ಒಂದು ಮನೆಗೆ ಒಬ್ಬರೇ ಎಂದಿದೆ, ರಕ್ತ ನೋಡಿದರೆ ಹೀಗಿದೆ. ಒಬ್ಬರ ರಕ್ತವನ್ನು ಇನ್ನೊಬ್ಬರ ನಳಿಕೆಗೆ ಬೆರೆಸಿ ತುಂಬಿದ್ದಾರೆ, ಇನ್ನೇನು ಎಂದರು. ಆ ವಾರವೇ ಹನುಮಕ್ಕನಿಗೆ ಇನ್ನು ಬರಬೇಡಿ ಎಂದು ಹೇಳಿ ನೀಲಿ ಪೆಟ್ಟಿಗೆಯನ್ನು ವಾಪಸು ತರಿಸಿಕೊಂಡರು. ತಿಂಗಳ ಕೊನೆಯ ಸಭೆಯಲ್ಲಿ ನಾಲ್ಕೂ ತಾಲ್ಲೂಕುಗಳ ರಕ್ತವನ್ನು ಅಧ್ಯಯನದಿಂದಲೇ ತೆಗೆದುಹಾಕುವುದೆಂದು ಮಾತಾಯಿತು. ಸುದ್ದಿಗೆ ಬಸ್ಸು ಬೇಕೇ? ಹನುಮಕ್ಕ ಜನರ ರಕ್ತ ತೆಗೆದು ಏನೋ ಗೋಲ್‌ಮಾಲ್ ಮಾಡಿದಳಂತೆ ಎಂದು ಶಿರಾದ ಬಸ್ ನಿಲ್ದಾಣದವರೆಗೂ ಹಬ್ಬಿತು. ಅವರನ್ನು ನಂಬಿ ತೋಳು ಚಾಚಿದ್ದ ಮನೆಗಳವರೇ ಅವರನ್ನು ಕಂಡು ಬಾಗಿಲು ಮುಂದೆ ಮಾಡಿಕೊಂಡರು. ನಾನು ಆ ಸಭೆಯಲ್ಲಿ ಇದ್ದೆ, ಬಾಯಿ ಬಿಡಲಿಲ್ಲ. ಯಂತ್ರ ಹೇಳಿದ್ದು ನಿಜವಿರಬೇಕು ಎಂದುಕೊಂಡೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಾನೂ ಅವರನ್ನು ಕಳ್ಳಿ ಎಂದೇ ತಿಳಿದೆ.

ಕಣ್ಣು ತೆರೆಸಿದ್ದು ನನ್ನ ಮಗಳ ಶಾಲೆಯ ಪಾಠ. ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದರಂತೆ. ಹಾಳೆ ಹರವಿಕೊಂಡು ನೆಲದ ಮೇಲೆ ಕೂತವಳು ಅರ್ಧ ಗಂಟೆಯಾದ ಮೇಲೆ ಪೆನ್ಸಿಲು ಬಿಸಾಡಿ, ಅಮ್ಮಾ, ನಮ್ಮದು ಮರವೇ ಅಲ್ಲ, ಕೊಂಬೆಗಳೆಲ್ಲ ಮತ್ತೆ ಕಾಂಡಕ್ಕೇ ಬಂದು ಸೇರುತ್ತವೆ ಎಂದು ರಂಪ ಮಾಡಿದಳು. ಬಗ್ಗಿ ನೋಡಿದೆ. ನನ್ನ ಅಪ್ಪ ಮದುವೆಯಾದದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಹಾಗಾಗಿ ನನ್ನ ಅಮ್ಮನ ಅಮ್ಮ ನನ್ನ ಅಪ್ಪನಿಗೆ ಅಕ್ಕ. ನನಗೆ ಆಕೆ ಒಂದು ದಾರಿಯಲ್ಲಿ ಅಜ್ಜಿ, ಇನ್ನೊಂದು ದಾರಿಯಲ್ಲಿ ಅತ್ತೆ. ಚಿಕ್ಕಂದಿನಲ್ಲಿ ಬೈಸಿಕೊಂಡ ದಿನ ಅತ್ತೆ ಎಂದೂ ತಿಂಡಿ ಬೇಕಾದ ದಿನ ಅಜ್ಜಿ ಎಂದೂ ಕರೆಯುತ್ತಿದ್ದೆ. ಇಂಥ ಗಂಟಿನಲ್ಲಿ ಹುಟ್ಟಿದ ನಾನು ಜೋಡಿನೋಟದ ಮೊದಲ ಪುಟದಲ್ಲೇ, ಪರದೇಶದ ಪಠ್ಯಪುಸ್ತಕದಿಂದ ಕಲಿತ ಹಾಗೆ, ರಕ್ತ ಕೊಟ್ಟವರೆಲ್ಲ ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಎಂದು ಬರೆದುಬಿಟ್ಟಿದ್ದೆ. ಬೇರೆ ಯಾರಾದರೂ ಬರೆದಿದ್ದರೆ ಕ್ಷಮಿಸಬಹುದಿತ್ತು. ಸೋದರಮಾವನನ್ನು ಬಿಟ್ಟು ಹೆಣ್ಣು ಹೊರಗೆ ಕೊಟ್ಟರೆ ವರ್ಷಗಟ್ಟಲೆ ಮಾತು ಬಿಡುವ ಸೀಮೆಯ ಹೆಣ್ಣುಮಗಳು ಬರೆದದ್ದು!

ಮರುದಿನ ರಜೆ ಹಾಕಿ ಕೂತೆ. ನಮ್ಮೆಲ್ಲರಲ್ಲೂ ಪ್ರತಿ ಜೀನಿನ ಎರಡೆರಡು ಪ್ರತಿಗಳಿರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಇಬ್ಬರ ರಕ್ತವನ್ನು ಒಂದೇ ನಳಿಕೆಯಲ್ಲಿ ಬೆರೆಸಿದರೆ ಅದರೊಳಗೆ ವೈವಿಧ್ಯ ಹೆಚ್ಚಬೇಕು. ಅದೇ ಅಪ್ಪ ಅಮ್ಮ ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಎರಡು ಪ್ರತಿಗಳೂ ಎಷ್ಟೋ ಕಡೆ ಒಂದೇ ಆಗಿ, ವೈವಿಧ್ಯ ಕಡಿಮೆಯಾಗಬೇಕು. ಏಳು ವರ್ಷದಲ್ಲಿ ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸಿದ್ದೇ ಹೋಲಿಸಿದ್ದು, ಒಂದೇ ಒಂದು ನಳಿಕೆಯ ಒಳಗೆ ಇಣುಕಿ ನೋಡುವ ವ್ಯವಧಾನ ನನಗೆ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಲೆಕ್ಕ ಹೊರಬಂತು. ನಳಿಕೆಯ ಮೇಲೆ ನಳಿಕೆ, ಎಲ್ಲದರಲ್ಲೂ ವೈವಿಧ್ಯ ಕಡಿಮೆ. ಬೆರಕೆಯ ಗುರುತು ಒಂದರಲ್ಲೂ ಇಲ್ಲ. ತಟ್ಟೆಯ ಮುಂದಿನಿಂದ ಎದ್ದು ಅಡುಗೆಮನೆಯಲ್ಲಿ ಅಮ್ಮನನ್ನು ತಬ್ಬಿಕೊಂಡೆ, ನಿಮ್ಮ ಮದುವೆಯಿಂದ ಒಬ್ಬರ ಮಾನ ಉಳಿಯಿತು ಎಂದೆ. ಅವರಿಗೆ ತಲೆಬುಡ ಅರ್ಥವಾಗದಿದ್ದರೂ ಇನ್ನೊಂದು ಸೌಟು ಸಾರು ಬಡಿಸಿದರು.

ಉಳಿಯಿತು ಎಂದದ್ದು ಅವಸರದ ಮಾತು. ದೊಡ್ಡ ಡಾಕ್ಟರು ನನ್ನ ಲೆಕ್ಕವನ್ನು ಒಪ್ಪಿದರು, ಆದರೆ ಅವರ ಅನುಮಾನ ಬೇರೆ ಕಡೆ ತಿರುಗಿತು. ಬೆರಕೆಯಲ್ಲದಿದ್ದರೆ ಮತ್ತೂ ಸುಲಭ: ಯಾವುದೋ ಒಂದು ಹಟ್ಟಿಯಲ್ಲಿ ಕೂತು ಕೈಗೆ ಸಿಕ್ಕ ನೆಂಟರಿಷ್ಟರ ರಕ್ತವನ್ನೇ ತೆಗೆದು, ನಳಿಕೆಗಳ ಮೇಲೆ ಬೇರೆ ಬೇರೆ ಊರಿನವರ ಹೆಸರು ಬರೆದಿರಬಹುದಲ್ಲ ಎಂದರು. ಅದಕ್ಕೆ ನಾನು ಒಂದು ಪರೀಕ್ಷೆ ಸೂಚಿಸಿದೆ. ನಲವತ್ತೊಂದು ಸಾಲುಗಳಲ್ಲಿರುವ ಇಬ್ಬಿಬ್ಬರು ಎಷ್ಟು ಹತ್ತಿರದ ರಕ್ತ ಎಂದು ನನ್ನ ಲೆಕ್ಕ ಹೇಳುತ್ತದೆ. ಅದನ್ನು ತೋರಿಸದೆ, ಆ ಇಬ್ಬರು ಪರಸ್ಪರ ಏನಾಗಬೇಕೆಂದು ಹನುಮಕ್ಕನನ್ನೇ ಕೇಳುತ್ತೇನೆ. ಹೆಸರು ಸುಳ್ಳಾಗಿದ್ದರೆ ನೆಂಟಸ್ತಿಕೆ ತಾಳೆಯಾಗುವುದಿಲ್ಲ. ಆಗಲಿ ಎಂದರು. ತಾಳೆಯಾಗದ ಒಂದೊಂದು ಸಾಲಿಗೂ ಉತ್ತರ ಬೇಕೆಂದೂ ಹೇಳಿದರು.

ಬಲಸಮುದ್ರದ ಅವರ ಮನೆಗೆ ಹೋದಾಗ ಬೆಳಗಿನ ಹತ್ತು ಗಂಟೆ. ಸೋಲಾರ್ ಫಲಕಗಳ ಸಾಲು ಊರಂಚಿನವರೆಗೂ ಬಂದು ಹೊಳೆಯುತ್ತಿತ್ತು. ಹನುಮಕ್ಕ ಗೋಡೆಯ ಬುದ್ಧನ ಪಟದ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನನ್ನು ಕಂಡೂ ಕೈ ನಿಲ್ಲಿಸಲಿಲ್ಲ. ಸಭೆಯಲ್ಲಿ ನಾನು ಸುಮ್ಮನೆ ಕೂತದ್ದನ್ನು ಹೇಳಿ ತಪ್ಪಾಯಿತು ಎಂದೆ. ಅವರು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದಿಟ್ಟರು. ಆಮೇಲೆ, ನೆಂಟರಿಂದ ನೆಂಟರ ಊರಿಗೆ ಹೋದೆನೆಂದು ನೀವು ಬರೆಯಬಹುದಿತ್ತಲ್ಲ ಎಂದು ಕೇಳಿದೆ.

"ನೀವ್ ಕೇಳಿದ್ದು ಮನೆ, ನಾನು ಮನೆ ಬರ್ದೆ ಮೇಡಂ. ನೆಂಟು ಕೇಳಿದ್ರೆ ನೆಂಟು ಬರೀತಿದ್ದೆ," ಎಂದರು. "ಯಾರ್ ಮಗ್ಳು, ಯಾರ್ ಮೊಮ್ಮಗ್ಳು, ಯಾರ್ಗೆ ಕೊಟ್ಟೈತೆ ಅಂತ ಕೇಳ್ದೆ ನಮ್ ಕಡೆ ಒಂದ್ ಲೋಟ ನೀರೂ ಕೊಡಲ್ಲ. ನಿಮ್ ಕಾಗ್ದದಾಗೆ ಅದುಕ್ಕೆ ಜಾಗಾನೇ ಇರ್ಲಿಲ್ಲ."

ನನ್ನ ಬಳಿ ಇದ್ದದ್ದು ಬರೀ ಸಂಖ್ಯೆಗಳು, ಸಂಖ್ಯೆಗೆ ತಕ್ಕ ಹೆಸರು ಅವರ ಹಳೆಯ ರಿಜಿಸ್ಟರಿನಲ್ಲಿ. ನಾನು ಮಡಿಸಿದ ಹಾಳೆಯನ್ನು ಕೈಯಲ್ಲಿ ಮುಚ್ಚಿಕೊಂಡು ಎರಡೆರಡು ಸಂಖ್ಯೆ ಓದಿದೆ, ಅವರು ಬೀಜ ಬಿಡಿಸುವ ಕೈ ನಿಲ್ಲಿಸದೆ ಹೇಳುತ್ತ ಹೋದರು. ಅಕ್ಕ ತಂಗಿ. ಸೋದರತ್ತೆ, ಸೊಸೆ. ಚಿಕ್ಕಪ್ಪನ ಮಗಳು. ಒಂದೊಂದೂ ತಾಳೆಯಾಗುತ್ತ ಹೋದಂತೆ ನನ್ನ ಎದೆ ಹಗುರಾಗುತ್ತ ಹೋಯಿತು. ಒಂದು ಕಡೆ ಲೆಕ್ಕ ಅಕ್ಕತಂಗಿಯರೆನ್ನುವಷ್ಟು ಹತ್ತಿರ ತೋರಿಸುತ್ತಿತ್ತು, ಅವರು ಅಲ್ಲ ಎಂದರು. "ಈಕೆ ಆಕೆ ಅಕ್ಕನ ಮಗ್ಳು. ಆ ಅಕ್ಕನ್ನ ಕೊಟ್ಟಿರೋದು ಸ್ವಂತ ಸೋದರಮಾವನ್ಗೆ. ಅವ್ವನ ಕಡೆಯಿಂದ್ಲೂ ನೆಂಟು, ಅಪ್ಪನ ಕಡೆಯಿಂದ್ಲೂ ನೆಂಟು. ಅಕ್ಕತಂಗೀರ್ ತರ ಕಾಣ್ದೆ ಇನ್ನೆಂಗ್ ಕಾಣ್ತಾರೆ?" ಬೆರಳು ಮಡಚಿ ಲೆಕ್ಕ ಹಾಕಿದೆ. ಅಕ್ಕತಂಗಿಯರಿಗೆ ಅರ್ಧದಷ್ಟು ಜೀನು ಒಂದೇ ಎಂದರೆ, ಇವರಿಗೆ ಆ ಅರ್ಧಕ್ಕೆ ಅರ್ಧಪಾವಿನಷ್ಟೇ ಕಡಿಮೆ. ನನ್ನ ತಂತ್ರಾಂಶಕ್ಕಿಂತ ಅವರ ತಲೆ ಚುರುಕಾಗಿತ್ತು.

ನಲವತ್ತು ಸಾಲು ಹೀಗೇ ಮುಗಿದವು. ಕೊನೆಯ ಸಾಲನ್ನು ಓದಿದಾಗ ಅವರ ಕೈ ನಿಂತಿತು. ರಿಜಿಸ್ಟರನ್ನು ನೋಡಿದರು, ಮುಚ್ಚಿದರು. ಇವರಿಬ್ಬರಿಗೂ ಏನೂ ಸಂಬಂಧವಿಲ್ಲ ಎಂದರು. ನನ್ನ ಹಾಳೆಯಲ್ಲಿ ಅವರಿಬ್ಬರೂ ಬಹಳ ಹತ್ತಿರದ ರಕ್ತ, ಒಬ್ಬನೇ ತಂದೆಯ ಮಕ್ಕಳಿರಬೇಕು ಎನ್ನುವಷ್ಟು ಹತ್ತಿರ. ಇನ್ನೊಮ್ಮೆ ಯೋಚಿಸಿ ಹೇಳಿ, ಇದೊಂದು ತಪ್ಪಿದರೆ ದೊಡ್ಡ ಡಾಕ್ಟರು ಉಳಿದ ನಲವತ್ತನ್ನೂ ನಂಬದೆ ಹೋಗಬಹುದು ಎಂದು ಕೇಳಿಕೊಂಡೆ. ಹನುಮಕ್ಕ ಹುಣಸೆಹಣ್ಣನ್ನು ಪಕ್ಕಕ್ಕೆ ಸರಿಸಿದರು. ಅಲ್ಲಿಯವರೆಗೂ ಮೇಡಂ ಎನ್ನುತ್ತಿದ್ದವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಅದ್ನ ಬುಡು ಕಣಮ್ಮ. ಆ ಒಂದ್ ಸಾಲು ನಂದೇ ತಪ್ಪು ಅಂತ ಬರ್ಕೋ."

ನನಗೆ ಅರ್ಥವಾಯಿತು. ಆ ಇಬ್ಬರೂ ಬದುಕಿದ್ದಾರೆ, ಅವರ ತಾಯಂದಿರೂ ಬದುಕಿರಬಹುದು. ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಹೆರಿಗೆ ಆಸ್ಪತ್ರೆಯ ಸಹಾಯಕಿಗೆ ಗೊತ್ತಿತ್ತು, ಈಗ ನನ್ನ ಯಂತ್ರಕ್ಕೂ ಗೊತ್ತಾಗಿತ್ತು. ಒಂದು ಮಾತು ಆಡಿದ್ದರೆ ಅವರ ಹೆಸರಿನ ಮೇಲಿನ ಕಳಂಕ ಅಲ್ಲೇ ಪೂರ್ತಿ ತೊಳೆದುಹೋಗುತ್ತಿತ್ತು. ಅದನ್ನು ಆಡದೆ ಕಳಂಕವನ್ನೇ ಇಟ್ಟುಕೊಳ್ಳಲು ಅವರು ಸಿದ್ಧರಿದ್ದರು. ಇಂಥ ಹೆಂಗಸನ್ನು ನನ್ನ ತಂತ್ರಾಂಶ ಶಂಕಿತ ಎಂದು ಕರೆದಿತ್ತು. ನಾನು ಮಜ್ಜಿಗೆ ಕುಡಿಯುವ ನೆಪದಲ್ಲಿ ಲೋಟ ಎತ್ತಿ ಮುಖ ಮರೆಮಾಡಿಕೊಂಡೆ. ಗೆಳೆಯರೇ, ಆ ಇಬ್ಬರ ಊರನ್ನು ಕೇಳಬೇಡಿ. ಅವರು ಗಂಡೋ ಹೆಣ್ಣೋ ಎಂಬುದನ್ನೂ ನಾನು ಇಲ್ಲಿ ಬರೆಯುವುದಿಲ್ಲ.

ತಿಂಗಳ ಕೊನೆಯ ಸಭೆಯಲ್ಲಿ ಈ ಸಲ ಬಾಯಿ ಬಿಟ್ಟೆ. ನಲವತ್ತು ಸಾಲು ಪರದೆಯ ಮೇಲೆ ಒಂದೊಂದಾಗಿ ಬಂದವು, ಎಡಗಡೆ ರಕ್ತ ಹೇಳಿದ್ದು, ಬಲಗಡೆ ಹನುಮಕ್ಕ ಹೇಳಿದ್ದು. ನಲವತ್ತೊಂದನೆಯದರ ಬಲಗಡೆ ಖಾಲಿ. ಇದೇಕೆ ಹೀಗೆ ಎಂದು ದೊಡ್ಡ ಡಾಕ್ಟರು ಕೇಳಿದರು. ಹನುಮಕ್ಕನಿಗೆ ಉತ್ತರ ಗೊತ್ತು, ಹೇಳುವುದಿಲ್ಲ, ನಾನೂ ಹೇಳುವುದಿಲ್ಲ, ಇದಕ್ಕಾಗಿ ಯಾರನ್ನಾದರೂ ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ ಎಂದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಆ ಖಾಲಿ ಜಾಗವನ್ನು ನೋಡುತ್ತ ಕೂತರು. ಕೊನೆಗೆ, ನಲವತ್ತು ಉತ್ತರಗಳಿಂದ ಆಕೆಯ ಕೆಲಸ ಗೊತ್ತಾಯಿತು, ಈ ಒಂದು ಮೌನದಿಂದ ಆಕೆ ಗೊತ್ತಾದರು, ತಪ್ಪಿದ್ದು ನಾನು ಮಾಡಿದ ನಿಯಮ ಎಂದರು. ನಾಲ್ಕೂ ತಾಲ್ಲೂಕುಗಳ ರಕ್ತ ಅಧ್ಯಯನದಲ್ಲೇ ಉಳಿಯಿತು.

ಆಮೇಲೆ ನಾವು ಜೋಡಿನೋಟವನ್ನು ಬುಡದಿಂದ ತಿದ್ದಿದೆವು. ಎಲ್ಲರೂ ಅಪರಿಚಿತರು ಎಂಬ ಸಾಲನ್ನು ಅಳಿಸಿದ ಸುಖವನ್ನು ನಾನು ಗೆಳತಿಯರಿಗೂ ಬಿಟ್ಟುಕೊಡಲಿಲ್ಲ, ನನ್ನ ಬೆರಳಿನಿಂದಲೇ ಅಳಿಸಿದೆ. ನೆಂಟರಲ್ಲಿ ಎಷ್ಟೋ ಜೋಡಿಗಳು ಕಾಯಿಲೆಯ ಹಂಗಿಲ್ಲದೆಯೂ ಒಟ್ಟಿಗಿರುತ್ತವೆ; ಹಾಗಾಗಿ ಯಾರಿಗೆ ಯಾರು ಎಷ್ಟು ನೆಂಟರು ಎಂದು ಮೊದಲು ರಕ್ತದಿಂದಲೇ ತಿಳಿದುಕೊಂಡು, ಆ ನೆಂಟಸ್ತಿಕೆಯನ್ನು ಲೆಕ್ಕದಲ್ಲಿ ಕಳೆದು, ಆಮೇಲಷ್ಟೇ ಜೀನುಗಳ ಜೋಡಿ ನೋಡುವಂತೆ ಮಾಡಿದೆವು. ಶಂಕಿತ ಎಂಬ ಪದದ ಜಾಗದಲ್ಲಿ ವಿಚಾರಿಸಿ ಎಂದು ಬರೆದೆವು. ಮತ್ತೆ ಓಡಿಸಿದಾಗ, ನಾನು ಮೈಸೂರು ಪಾಕು ಹಂಚಿದ್ದ ಆ ನೂರಾರು ಜೋಡಿಗಳೆಲ್ಲ ಕೇರಿದ ಮೊರದಿಂದ ಹೊಟ್ಟು ಹಾರಿದಂತೆ ಹಾರಿಹೋದವು. ಒಂದು ಮಾತ್ರ ಉಳಿಯಿತು. ಒಂದೇ ಒಂದು ಜೋಡಿ, ಅಲುಗಾಡದೆ. ದೂರದ ಇನ್ನೊಂದು ರಾಜ್ಯದ, ನಮಗೆ ಎಳ್ಳಷ್ಟೂ ನೆಂಟರಲ್ಲದ ಜನರ ರಕ್ತದಲ್ಲಿ ಹುಡುಕಿದರು, ಅಲ್ಲೂ ಅದೇ ಜೋಡಿ ಎದ್ದು ನಿಂತಿತು. ಬೇರೆ ಕಡೆ ಅಪರೂಪಕ್ಕೆ ಭೇಟಿಯಾಗುವ ಆ ಎರಡು ಜೀನುಗಳು ನಮ್ಮಲ್ಲಿ ಸೋದರಮಾವ ಸೋದರಸೊಸೆಯರ ಮದುವೆಯ ದೆಸೆಯಿಂದ ಮತ್ತೆ ಮತ್ತೆ ಒಟ್ಟಾಗಿದ್ದವು. ಹಾಗಾಗಿಯೇ ಮೊದಲು ಕಣ್ಣಿಗೆ ಬಿದ್ದದ್ದು ಇಲ್ಲಿ. ಯಾವುದನ್ನು ಕಸವೆಂದು ಎಸೆಯಹೊರಟಿದ್ದರೋ ಬಂಗಾರ ಇದ್ದದ್ದು ಅದರಲ್ಲೇ. ಇದರಿಂದ ನಾಳೆಯೇ ಮಾತ್ರೆ ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ ಸಕ್ಕರೆ ಕಾಯಿಲೆಯ ಕತ್ತಲೆ ಕೋಣೆಗೆ ಒಂದು ಬಾಗಿಲು ಎಲ್ಲಿದೆಯೆಂದು ಕೈಗೆ ತಾಕಿದೆ, ಅದನ್ನು ತಡವಿ ಹುಡುಕಿದ್ದು ನಮ್ಮ ನಾಲ್ಕು ತಾಲ್ಲೂಕುಗಳ ತೋಳು. ಗೆದ್ದೆವು ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಹನುಮಕ್ಕನನ್ನು ಮತ್ತೆ ಕೆಲಸಕ್ಕೆ ಕರೆದು ಪತ್ರ ಬಂತು. ಅವರು ಅದನ್ನು ವಾಪಸು ಕಳಿಸಿದರು. ನನ್ನ ಹೆಸರು ಕೆಟ್ಟದ್ದು ಕಾಗದದಲ್ಲಲ್ಲ, ಊರಲ್ಲಿ; ಬಂದು ಊರಲ್ಲೇ ಓದಿ ಎಂದು ಹೇಳಿ ಕಳಿಸಿದ್ದರು. ದೊಡ್ಡ ಡಾಕ್ಟರು ಬಂದರು. ಬಲಸಮುದ್ರದ ಶಾಲೆಯ ಅಂಗಳದಲ್ಲಿ, ಸುತ್ತಲ ಹಳ್ಳಿಗಳಿಂದ ಬಂದಿದ್ದ ಜನರ ಮುಂದೆ ನಿಂತು, ಹನುಮಕ್ಕ ತಂದ ರಕ್ತದ ಪ್ರತಿ ಹನಿಯೂ ಸಾಚಾ, ಅನುಮಾನಪಟ್ಟದ್ದು ನಮ್ಮ ತಪ್ಪು ಎಂದು ತಡವರಿಸುತ್ತ ಓದಿದರು. ಓದಿ ಮುಗಿಸಿ, ಜನರಿಗೆ ನಂಬಿಕೆ ಬರಲೆಂದೋ ಏನೋ, ಮೊದಲು ನನ್ನ ರಕ್ತವನ್ನೇ ತೆಗೆಯಿರಿ ಎಂದು ಅಂಗಿಯ ತೋಳು ಮೇಲೇರಿಸಿ ಹನುಮಕ್ಕನ ಎದುರು ಕೂತರು. ಅಂಗಳವೆಲ್ಲ ಅವರನ್ನೇ ನೋಡುತ್ತಿತ್ತು.

ಹನುಮಕ್ಕ ಸೂಜಿಗೆ ಕೈ ಹಾಕಲಿಲ್ಲ. ನೆಂಟಸ್ತಿಕೆಗೂ ಜಾಗವಿದ್ದ ಹೊಸ ನಮೂನೆಯ ಹಾಳೆ ತೆಗೆದು, ತಾಯಿ ಯಾರ ಮಗಳು ಎಂದು ಕೇಳಿದರು. ಡಾಕ್ಟರು ಹೇಳಿದರು. ತಾಯಿಯ ತಾಯಿ ಯಾರ ಮಗಳು, ಯಾವೂರಿಂದ ತಂದದ್ದು ಎಂದು ಕೇಳಿದರು. ಡಾಕ್ಟರು ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಗೊತ್ತಿಲ್ಲ ಎಂದು ಒಪ್ಪಿಕೊಂಡರು.

"ಆ ಜಾಗ ಖಾಲಿ ಬುಟ್ರೆ ಆಗಲ್ಲ ಸಾರ್," ಎಂದರು ಹನುಮಕ್ಕ. "ನಿಮ್ಮವ್ವನ್ನ ಕೇಳ್ಕೊಂಡು ಬನ್ನಿ, ಆಮೇಲೆ ತಗೋತೀನಿ."

ಮೇಲೇರಿಸಿದ ತೋಳನ್ನು ಹಾಗೇ ಬಿಟ್ಟು ದೊಡ್ಡ ಡಾಕ್ಟರು ಎದ್ದು ಹೊಂಗೆ ಮರದ ಕೆಳಗೆ ಹೋಗಿ ತಾಯಿಗೆ ಫೋನು ಹಚ್ಚಿದರು. ಹನುಮಕ್ಕ ಮುಂದಿನವರನ್ನು ಕರೆದರು. ತಿಂಗಳುಗಟ್ಟಲೆ ಅವರನ್ನು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಸಾಲಿನಿಂದ ಮುಂದೆ ಬಂದು ಕೂತಳು, ತೋಳು ಚಾಚಿದಳು, ಇವರು ಪೆನ್ನು ತೆಗೆಯುವ ಮೊದಲೇ ತಾನು ಯಾರ ಮಗಳು, ಯಾರ ಮೊಮ್ಮಗಳು, ಯಾರಿಗೆ ಕೊಟ್ಟದ್ದು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.